‘ಇಂಪಾಸಿಬಲ್’ ಸರಿ, ‘ಇಂಪಾಪ್ಯುಲರ್’ ಯಾಕೆ ತಪ್ಪು?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನವಳು. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಈಗ ದಾವಣಗೆರೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇಂಗ್ಲಿಷ್ ಪದದ ಮುಂದೆ ಪ್ರಿಫಿಕ್ಸ್ (ಇನ್, ಅನ್‌ನಂಥ ತುಣುಕು) ಸೇರಿಸಿ ವಿರುದ್ಧ ಪದ ಮಾಡುವ ಪ್ರಶ್ನೆ ಬಂದಾಗಲೆಲ್ಲ ಅಂಕ ಹೋಗುತ್ತದೆ. ಕೋಚಿಂಗ್‌ನಲ್ಲಿ ಹೇಳಿಕೊಟ್ಟ ಸೂತ್ರ ಇದು: ಪದ ಪಿ, ಬಿ, ಎಂ ಅಕ್ಷರದಿಂದ ಶುರುವಾದರೆ ಇಮ್, ಎಲ್ ಆದರೆ ಇಲ್, ಆರ್ ಆದರೆ ಇರ್, ಉಳಿದದ್ದಕ್ಕೆ ಅನ್ ಅಥವಾ ಇನ್. ಅದನ್ನೇ ನಂಬಿ ಮಾಕ್ ಟೆಸ್ಟ್‌ನಲ್ಲಿ ಇಂಪಾಪ್ಯುಲರ್, ಇಲ್ಲಕ್ಕಿ, ಇರ್ರಿಯಲ್ ಎಂದು ಗುರುತು ಹಾಕಿದೆ. ಮೂರೂ ತಪ್ಪು, ಒಂದೊಂದಕ್ಕೂ ಕಾಲು ಅಂಕ ಬೇರೆ ಕಳೆದರು. ‘ಇದಕ್ಕೆ ರೂಲ್ಸೇ ಇಲ್ಲ, ಐನೂರು ಪದ ಬಾಯಿಪಾಠ ಮಾಡು’ ಅಂತಾಳೆ ರೂಮ್‌ಮೇಟ್. ಯಾವುದು ನಿಜ ಸರ್? ಇನ್ನೆರಡು ಅನುಮಾನ: ಅನ್ಆರ್ಗನೈಸ್ಡ್, ಡಿಸ್ಆರ್ಗನೈಸ್ಡ್ ಇವುಗಳಲ್ಲಿ ಸರಿ ಯಾವುದು? ಹೈವೇಯಲ್ಲಿ ಪೆಟ್ರೋಲ್ ಟ್ಯಾಂಕರ್ ಮೇಲೆ ಇನ್‌ಫ್ಲೇಮಬಲ್ ಎಂದು ಬರೆದಿರುತ್ತಾರೆ. ಇನ್ ಬಂದಮೇಲೆ ಅದು ‘ಬೆಂಕಿ ಹತ್ತದ್ದು’ ಎಂದಾಗಬೇಕಲ್ಲವೇ?

ಉತ್ತರ: ಸೂತ್ರ ನಂಬಿದರೆ ಅಂಕ ಹೋಗುತ್ತದೆ, ಬಿಟ್ಟರೆ ಐನೂರು ಪದ ಉರು ಹೊಡೆಯಬೇಕು ಎನ್ನುವುದು ನಿಮ್ಮ ಚಿಂತೆ. ಎರಡರಲ್ಲೂ ಅರ್ಧ ಸತ್ಯವಿದೆ. ನಿಮಗೆ ಕೊಟ್ಟ ಸೂತ್ರ ಸುಳ್ಳಲ್ಲ, ಅದನ್ನು ಹಿಡಿದ ತುದಿ ತಪ್ಪು. ಇಮ್, ಇಲ್, ಇರ್ ಬೇರೆ ಬೇರೆ ಪ್ರಿಫಿಕ್ಸ್‌ಗಳಲ್ಲ. ಮೂರೂ ‘ಇನ್’ನ ರೂಪಗಳೇ. ಒಂದು ಪದಕ್ಕೆ ಇನ್ ಬರುತ್ತದೆ ಎಂದು ಗೊತ್ತಾದ ಮೇಲೆ ಅದು ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನಷ್ಟೇ ಆ ಸೂತ್ರ ಹೇಳುತ್ತದೆ. ಪದಕ್ಕೆ ಬರುವುದು ಇನ್ನೋ, ಅನ್ನೋ, ಡಿಸ್ಸೋ ಎಂಬುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಪಾಪ್ಯುಲರ್, ಲಕ್ಕಿ, ರಿಯಲ್ ಮೂರೂ ಅನ್ ತೆಗೆದುಕೊಳ್ಳುವ ಪದಗಳು. ಅನ್ ಯಾವ ಅಕ್ಷರದ ಮುಂದೆ ನಿಂತರೂ ಅನ್ ಆಗಿಯೇ ಉಳಿಯುತ್ತದೆ: ಅನ್‌ಪಾಪ್ಯುಲರ್, ಅನ್‌ಲಕ್ಕಿ, ಅನ್‌ರಿಯಲ್. ಎರಡನೆಯ ಹೆಜ್ಜೆಯನ್ನು ಮೊದಲು ಇಟ್ಟಿದ್ದಕ್ಕೆ ಮೂರು ಅಂಕ ಹೋದವು.

ಇನ್ ಯಾಕೆ ರೂಪ ಬದಲಿಸುತ್ತದೆ ಎಂಬುದು ಕನ್ನಡದವರಿಗೆ ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಕಂಬ, ದಂತ, ಅಂಕ ಈ ಮೂರನ್ನು ಗಟ್ಟಿಯಾಗಿ ಹೇಳಿ ನೋಡಿ. ಬರೆಯುವಾಗ ಎಲ್ಲಕ್ಕೂ ಒಂದೇ ಸೊನ್ನೆ. ಬಾಯಲ್ಲಿ ಮಾತ್ರ ಕಂಬದಲ್ಲಿ ‘ಮ್’, ದಂತದಲ್ಲಿ ‘ನ್’, ಅಂಕದಲ್ಲಿ ‘ಙ್’. ಮುಂದಿನ ಅಕ್ಷರ ಹುಟ್ಟುವ ಜಾಗಕ್ಕೆ ಮೂಗಿನ ಧ್ವನಿ ಮೊದಲೇ ಹೋಗಿ ಕೂರುತ್ತದೆ. ಲ್ಯಾಟಿನ್ ಭಾಷೆಯ ಇನ್‌ಗೂ ಇದೇ ಆಯಿತು. ತುಟಿ ಮುಚ್ಚುವ ಪಿ, ಬಿ, ಎಂ ಮುಂದೆ ಅದು ಇಮ್ ಆಯಿತು, ಎಲ್ ಮುಂದೆ ಎಲ್ ಆಯಿತು, ಆರ್ ಮುಂದೆ ಆರ್ ಆಯಿತು. ನಮ್ಮ ವ್ಯತ್ಯಾಸ ಒಂದೇ, ನಾವು ಸೊನ್ನೆ ಇಟ್ಟು ಮುಗಿಸುತ್ತೇವೆ, ಅವರು ಕೇಳಿಸಿದ ಧ್ವನಿಯನ್ನು ಕಾಗುಣಿತದಲ್ಲೂ ಬರೆದರು.

ಕನ್ನಡ ಮಾಧ್ಯಮದವರು ಎಡವುವ ಒಂದು ಜಾಗ ಇಲ್ಲೇ ಇದೆ. ಕ್ಲಾಸಿನಲ್ಲಿ ಕೇಳಿದ ಇಂಗ್ಲಿಷ್ ಪದವನ್ನು ನೋಟ್ಸ್‌ನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಾಗ ಇಂಪ್ರಾಪರ್, ಇಂಡೈರೆಕ್ಟ್ ಎರಡಕ್ಕೂ ಒಂದೇ ಸೊನ್ನೆ ಬೀಳುತ್ತದೆ. ಮನೆಗೆ ಹೋಗಿ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮೊದಲನೆಯದಕ್ಕೂ ಎನ್ ಹಾಕಿಬಿಡುತ್ತಾರೆ. ಈ ಒಂದು ಪಾಠದ ಮಟ್ಟಿಗಾದರೂ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

ಇನ್ನು ಮೊದಲ ಹೆಜ್ಜೆ. ಇನ್ ಬಂದಿದ್ದು ಲ್ಯಾಟಿನ್‌ನಿಂದ, ಅನ್ ಹಳೆಯ ಇಂಗ್ಲಿಷಿನದೇ. ನಮ್ಮ ‘ಅನುಚಿತ’, ‘ಅನಾರೋಗ್ಯ’ಗಳಲ್ಲಿರುವ ಸಂಸ್ಕೃತದ ಅನ್, ವ್ಯಂಜನದ ಮುಂದೆ ಬರುವ ‘ಅಸತ್ಯ’, ‘ಅನ್ಯಾಯ’ದ ಅ, ಗ್ರೀಕ್‌ನ ಎ, ಲ್ಯಾಟಿನ್‌ನ ಇನ್, ಇಂಗ್ಲಿಷಿನ ಅನ್ ಎಲ್ಲವೂ ಒಂದೇ ಮೂಲದಿಂದ ಕವಲೊಡೆದವು. ಆದರೆ ಯಾವುದು ಯಾವ ಪದಕ್ಕೆ ಅಂಟುತ್ತದೆ ಎಂಬುದಕ್ಕೆ ಒಂದು ಮಡಿ ಇದೆ. ನ್ಯಾಯಕ್ಕೆ ಅನ್ಯಾಯ ಎನ್ನುತ್ತೇವೆ, ಶುದ್ಧಕ್ಕೆ ಅಶುದ್ಧ ಎನ್ನುತ್ತೇವೆ. ಬಿಸಿಗೆ ‘ಅಬಿಸಿ’, ಸಿಹಿಗೆ ‘ಅಸಿಹಿ’ ಎಂದು ಮೂರು ವರ್ಷದ ಮಗುವೂ ಅನ್ನುವುದಿಲ್ಲ. ಸಂಸ್ಕೃತದ ಪ್ರತ್ಯಯ ಸಂಸ್ಕೃತದ ಪದವನ್ನೇ ಹುಡುಕುತ್ತದೆ. ಹಾಗೆಯೇ ಇಂಗ್ಲಿಷಿನಲ್ಲಿ ಇನ್ ಅಂಟುವುದು ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದ ಪದಗಳಿಗೆ. ಹ್ಯಾಪಿ, ಕೈಂಡ್, ವೈಸ್, ಟ್ರೂ, ಕ್ಲೀನ್, ಹೆಲ್ದಿ, ರೈಪ್ ತರಹದ ಹಳೆಯ ಮನೆಮಾತಿನ ಪದಗಳಿಗೆ ಅನ್.

ಇದು ಎದ್ದು ಕಾಣುವುದು ಒಂದೇ ಅರ್ಥದ ಜೋಡಿಗಳಲ್ಲಿ. ಕಾನೂನಿಗೆ ವಿರುದ್ಧವಾದದ್ದು ಅನ್‌ಲಾಫುಲ್, ಅದೇ ಇಲ್ಲೀಗಲ್. ಓದಲಾಗದ ಕೈಬರಹ ಅನ್‌ರೀಡಬಲ್, ಅದೇ ಇಲ್ಲೆಜಿಬಲ್. ನಂಬಲಾಗದ್ದು ಅನ್‌ಬಿಲೀವಬಲ್, ಅದೇ ಇನ್‌ಕ್ರೆಡಿಬಲ್. ಸಾವಿಲ್ಲದ್ದು ಅನ್‌ಡೈಯಿಂಗ್, ಅದೇ ಇಮ್ಮಾರ್ಟಲ್. ಕೊನೆಯಿಲ್ಲದ್ದು ಅನ್ಎಂಡಿಂಗ್, ಅದೇ ಇನ್‌ಫಿನಿಟ್. ಲಾ, ರೀಡ್, ಬಿಲೀವ್, ಡೈ, ಎಂಡ್ ಇವೆಲ್ಲ ಐದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಚಿಕ್ಕ ಪದಗಳು, ಅವಕ್ಕೆ ಅನ್. ಜೋಡಿಯ ಇನ್ನೊಂದು ಬದಿಯವು ಪುಸ್ತಕದ ಪದಗಳು, ಅವಕ್ಕೆ ಇನ್. ಇಂಥ ಹತ್ತು ಜೋಡಿ ಕಿವಿಗೆ ಬಿದ್ದರೆ ಐವತ್ತು ಪದದ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

‘ಪಾಪ್ಯುಲರ್ ಕೂಡ ಲ್ಯಾಟಿನ್ ಪದವೇ, ಅದಕ್ಕೇಕೆ ಅನ್?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇನ್ ಇವತ್ತು ಹೊಸ ಪದ ಹುಟ್ಟಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದೆ, ಅದರ ಪಟ್ಟಿ ಮುಚ್ಚಿದ ಪಟ್ಟಿ. ಅನ್ ಇನ್ನೂ ಬೆಳೆಯುತ್ತಿದೆ, ಎಲ್ಲಿಂದ ಬಂದ ಪದಕ್ಕಾದರೂ ಅಂಟುತ್ತದೆ. ಮೊಬೈಲ್ ಬಂದ ಮೇಲೆ ಎಲ್ಲರ ಬಾಯಿಗೆ ಬಂದದ್ದನ್ನೇ ನೋಡಿ: ಅನ್‌ಫಾಲೋ, ಅನ್‌ಬ್ಲಾಕ್, ಅನ್‌ಮ್ಯೂಟ್, ಅನ್ಇನ್‌ಸ್ಟಾಲ್. ಇವುಗಳಲ್ಲಿ ಒಂದಕ್ಕೂ ಇನ್ ಇಲ್ಲ. ಎರಡೂ ಒಂದೇ ಪದಕ್ಕೆ ಪೈಪೋಟಿ ಮಾಡಿದ ಕಾಲವೂ ಇತ್ತು. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಅನ್ಏಲಿಯನಬಲ್ ಎಂದಿದೆ, ಈಗ ಎಲ್ಲರೂ ಬರೆಯುವುದು ಇನ್ಏಲಿಯನಬಲ್. ಹಾಗಾಗಿ ನಿಮ್ಮ ಕೆಲಸ ಮುಚ್ಚಿದ ಪಟ್ಟಿಯನ್ನು ಗುರುತಿಸುವುದು. ಗುರುತು ಸಿಗದಿದ್ದರೆ ಅನ್ ಕಡೆ ವಾಲುವುದು ಕ್ಷೇಮ.

ಗುರುತಿಸುವುದು ಹೇಗೆ? ಎಲ್ಲರೂ ಪದದ ತಲೆ ನೋಡುತ್ತಾರೆ. ನೀವು ಬಾಲ ನೋಡಿ.

ಬಾಲದಲ್ಲಿ ಇ-ಡಿ ಅಥವಾ ಐ-ಎನ್-ಜಿ ಇದ್ದರೆ ಅನ್. ತಲೆ ಯಾವುದಾದರೂ ಇರಲಿ: ಅನ್‌ಪ್ರಿಪೇರ್ಡ್, ಅನ್‌ಮ್ಯಾರೀಡ್, ಅನ್‌ಲಿಮಿಟೆಡ್, ಅನ್‌ರಿಜಿಸ್ಟರ್ಡ್, ಅನ್‌ವಿಲ್ಲಿಂಗ್. ಪಿ, ಎಂ, ಎಲ್, ಆರ್ ನಾಲ್ಕೂ ಇಲ್ಲಿ ಬಂದು ಹೋದವು, ನಿಮ್ಮ ಸೂತ್ರಕ್ಕೆ ಒಂದೂ ಸಿಗಲಿಲ್ಲ. ಹೊರಗುಳಿಯುವವು ಇನ್‌ಎಕ್ಸ್‌ಪೀರಿಯೆನ್ಸ್ಡ್ ಮತ್ತು ಮೊದಲೇ ಡಿಸ್ ಇದ್ದ ಕ್ರಿಯಾಪದದಿಂದ ಬಂದ ಡಿಸ್‌ಕನೆಕ್ಟೆಡ್, ಡಿಸ್ಏಬಲ್ಡ್‌ನಂಥವು.

ಎಫ್-ಯು-ಎಲ್ ಬಾಲಕ್ಕೆ ಪ್ರಿಫಿಕ್ಸ್ ಬಂದರೆ ಅದು ಬಹುಪಾಲು ಅನ್: ಅನ್‌ಸಕ್ಸೆಸ್‌ಫುಲ್, ಅನ್‌ಗ್ರೇಟ್‌ಫುಲ್, ಅನ್‌ಫೇತ್‌ಫುಲ್. ಆದರೆ ಇವುಗಳಲ್ಲಿ ಹಲವಕ್ಕೆ ಪ್ರಿಫಿಕ್ಸೇ ಬರುವುದಿಲ್ಲ, ಬಾಲ ಬದಲಾಗುತ್ತದೆ: ಯೂಸ್‌ಫುಲ್ ಯೂಸ್‌ಲೆಸ್ ಆಗುತ್ತದೆ, ಕೇರ್‌ಫುಲ್ ಕೇರ್‌ಲೆಸ್ ಆಗುತ್ತದೆ. ಹೆಲ್ಪ್‌ಫುಲ್ ವಿಷಯದಲ್ಲಿ ಹುಷಾರು. ಸಹಾಯ ಮಾಡದವನು ಅನ್‌ಹೆಲ್ಪ್‌ಫುಲ್, ಸಹಾಯವೇ ಇಲ್ಲದೆ ಕೈಚೆಲ್ಲಿ ಕೂತವನು ಹೆಲ್ಪ್‌ಲೆಸ್. ಎರಡೂ ಆಯ್ಕೆಯಲ್ಲಿದ್ದರೆ ವಾಕ್ಯ ಓದದೆ ಗುರುತು ಹಾಕಬೇಡಿ.

ಎ-ಟಿ-ಇ, ಇ-ಎನ್-ಟಿ, ಎ-ಎನ್-ಟಿ ಬಾಲದ ಗುಣವಾಚಕಗಳು ಲ್ಯಾಟಿನ್ ಕಡೆಯವು. ಇಲ್ಲಿ ಇನ್ ಧೈರ್ಯವಾಗಿ ಹಾಕಬಹುದು: ಇನ್‌ಆಕ್ಯುರೇಟ್, ಇನ್‌ಅಡಿಕ್ವೇಟ್, ಇನ್‌ಸಫಿಶಿಯೆಂಟ್, ಇನ್‌ಎಫಿಶಿಯೆಂಟ್, ಇನ್‌ಕನ್ವೀನಿಯೆಂಟ್, ಇನ್‌ಸಿಗ್ನಿಫಿಕೆಂಟ್. ನಿಮ್ಮ ಸೂತ್ರ ಕೆಲಸಕ್ಕೆ ಬರುವುದು ಈಗ, ಇಂಪೇಷಂಟ್, ಇರ್ರೆಲೆವೆಂಟ್ ಎನ್ನುವಾಗ. ಅನ್‌ಪ್ಲೆಸೆಂಟ್, ಅನ್‌ಫಾರ್ಚುನೇಟ್, ಡಿಸ್ಒಬೀಡಿಯೆಂಟ್ ಮೂರನ್ನು ಅಪವಾದವೆಂದು ಬೇರೆ ಬರೆದಿಟ್ಟುಕೊಳ್ಳಿ. ಇಂಡಿಫರೆಂಟ್ ಎಂದರೆ ‘ಬೇರೆಯಲ್ಲದ್ದು’ ಅಲ್ಲ, ‘ಉದಾಸೀನ’. ಡಿಫರೆಂಟ್‌ಗೆ ವಿರುದ್ಧ ಪದ ಕೇಳಿ ಆಯ್ಕೆಯಲ್ಲಿ ಅದನ್ನಿಟ್ಟರೆ ಅದು ಬೋನು.

ಐ-ಬಿ-ಎಲ್-ಇ ಬಾಲಕ್ಕೂ ಇನ್: ಇಂಪಾಸಿಬಲ್, ಇನ್‌ವಿಸಿಬಲ್, ಇನ್‌ಫ್ಲೆಕ್ಸಿಬಲ್, ಇರ್ರೆಸ್ಪಾನ್ಸಿಬಲ್. ಇದರ ತಮ್ಮನಂತಿರುವ ಎ-ಬಿ-ಎಲ್-ಇ ಮಾತ್ರ ಎರಡೂ ಕಡೆ ಕಾಲಿಡುತ್ತದೆ. ಬಾಲ ಕಿತ್ತಾಗ ದಿನಬಳಕೆಯ ಕ್ರಿಯಾಪದ ಉಳಿದರೆ ಸಾಮಾನ್ಯವಾಗಿ ಅನ್: ಬೇರ್, ಅವಾಯ್ಡ್, ಅಕ್ಸೆಪ್ಟ್, ಪ್ರೆಡಿಕ್ಟ್, ರಿಲೈ ಇವುಗಳಿಂದ ಅನ್‌ಬೇರಬಲ್, ಅನ್ಅವಾಯ್ಡಬಲ್, ಅನ್ಅಕ್ಸೆಪ್ಟಬಲ್, ಅನ್‌ಪ್ರೆಡಿಕ್ಟಬಲ್, ಅನ್‌ರಿಲಾಯಬಲ್. ಏನೂ ಉಳಿಯದಿದ್ದರೆ ಇನ್: ಇನ್‌ಕೇಪಬಲ್, ಇನ್‌ಎವಿಟಬಲ್. ಈ ಸೂತ್ರ ಸೋರುತ್ತದೆ. ಕ್ಯೂರ್, ಮೂವ್, ರಿಪ್ಲೇಸ್ ಕ್ರಿಯಾಪದಗಳೇ, ಆದರೂ ಇನ್‌ಕ್ಯೂರಬಲ್, ಇಮ್ಮೂವಬಲ್, ಇರ್ರಿಪ್ಲೇಸಬಲ್. ಹಾಗಾಗಿ ಎ-ಬಿ-ಎಲ್-ಇ ಪದಗಳಿಗೆ ಬಾಯಿಪಾಠ ತಪ್ಪಿದ್ದಲ್ಲ. ನಿಮ್ಮ ರೂಮ್‌ಮೇಟ್ ಮಾತು ಇಷ್ಟರ ಮಟ್ಟಿಗೆ ಸರಿ.

ಇನ್ನೊಂದು ಗುಟ್ಟು, ಗೈಡುಗಳಲ್ಲಿ ಅಷ್ಟಾಗಿ ಕಾಣದ್ದು. ಪದದ ಶುರುವಿನಲ್ಲಿ ಆಗಲೇ ಇನ್ ಅಥವಾ ಇಮ್ ಇದ್ದರೆ ಇನ್ನೊಂದು ಇನ್ ಬರುವುದಿಲ್ಲ, ಅನ್ ಬರುತ್ತದೆ. ಅನ್ಇಂಪಾರ್ಟೆಂಟ್, ಅನ್ಇಂಟೆಲಿಜೆಂಟ್, ಅನ್ಇಂಟರೆಸ್ಟಿಂಗ್, ಅನ್ಇಂಟೆನ್ಷನಲ್, ಅನ್ಇಂಟೆಲಿಜಿಬಲ್. ಎರಡು ಇನ್ ಒಟ್ಟಿಗೆ ಬಂದರೆ ನಾಲಗೆ ತೊಡರುತ್ತದೆ. ಇಂಪಾರ್ಟೆಂಟ್, ಇಂಟೆಲಿಜಿಬಲ್ ಪದಗಳು ಬಾಲದ ಸೂತ್ರ ಮುರಿದಂತೆ ಕಾಣುವುದು ಇದೇ ಕಾರಣಕ್ಕೆ.

ಬಾಲ ಬದಲಾದರೆ ತಲೆಯೂ ಬದಲಾಗುತ್ತದೆ ಎಂಬುದು ಮುಂದಿನ ಮಾತು. ಅಂಕ ಹೆಚ್ಚು ಹೋಗುವುದು ಇಲ್ಲಿ. ಏಬಲ್‌ಗೆ ಅನ್ಏಬಲ್ ಎಂದು ಕಲಿತವರು ಎಬಿಲಿಟಿಗೆ ‘ಅನ್ಎಬಿಲಿಟಿ’ ಎಂದು ಬರೆದುಬಿಡುತ್ತಾರೆ, ಸರಿಯಾದದ್ದು ಇನ್ಎಬಿಲಿಟಿ. ಇದೇ ದಾರಿಯಲ್ಲಿ ಅನ್ಈಕ್ವಲ್ ಆದರೆ ಇನ್ಈಕ್ವಾಲಿಟಿ; ಅನ್‌ಜಸ್ಟ್ ಆದರೆ ಇನ್‌ಜಸ್ಟಿಸ್; ಅನ್‌ಸ್ಟೇಬಲ್ ಆದರೆ ಇನ್‌ಸ್ಟೆಬಿಲಿಟಿ; ಅನ್‌ಗ್ರೇಟ್‌ಫುಲ್ ಆದರೆ ಇನ್‌ಗ್ರ್ಯಾಟಿಟ್ಯೂಡ್; ಅನ್‌ಡಿಸಿಪ್ಲಿನ್ಡ್ ಆದರೆ ಇನ್‌ಡಿಸಿಪ್ಲಿನ್; ಅನ್‌ಬ್ಯಾಲೆನ್ಸ್ಡ್ ಆದರೆ ಇಮ್‌ಬ್ಯಾಲೆನ್ಸ್; ಅನ್‌ಡಿವೈಡೆಡ್ ಆದರೆ ಇನ್‌ಡಿವಿಸಿಬಲ್. ಈಕ್ವಾಲಿಟಿ, ಜಸ್ಟಿಸ್, ಸ್ಟೆಬಿಲಿಟಿಗಳು ನಾಮಪದಗಳಾಗಿಯೇ ಲ್ಯಾಟಿನ್, ಫ್ರೆಂಚ್ ಬಾಲ ಹೊತ್ತು ಬಂದವು, ಇನ್ ಕೂಡ ಜೊತೆಗೆ ಬಂತು. ಗುಣವಾಚಕ ಮಾತ್ರ ಇಂಗ್ಲಿಷ್ ಮನೆಯಲ್ಲಿ ಅನ್ ಕಟ್ಟಿಕೊಂಡಿತು. ಅಂದಹಾಗೆ, ಬಿ ಅಕ್ಷರಕ್ಕೆ ಇಮ್ ಎಂದು ನೀವು ಕಲಿತ ಸೂತ್ರಕ್ಕೆ ದಿನಬಳಕೆಯಲ್ಲಿ ಸಿಗುವ ಉದಾಹರಣೆ ಈ ಇಮ್‌ಬ್ಯಾಲೆನ್ಸ್ ಒಂದೇ ಎನ್ನಬಹುದು. ಉಳಿದ ಬಿ ಪದಗಳು ಅನ್‌ಬ್ರೋಕನ್, ಅನ್‌ಬಾರ್ನ್, ಅನ್‌ಬಯಸ್ಡ್ ಎಂದೇ ಸಾಗುತ್ತವೆ.

ಡಿಸ್ ಬಂದಾಗ ಪೇಚು ಇನ್ನೂ ಒಂದು ಸುತ್ತು ಬಿಗಿಯಾಗುತ್ತದೆ. ಬಿಲೀವಬಲ್‌ಗೆ ಅನ್, ಬಿಲೀಫ್‌ಗೆ ಡಿಸ್. ಕಂಫರ್ಟಬಲ್‌ಗೆ ಅನ್, ಕಂಫರ್ಟ್‌ಗೆ ಡಿಸ್. ಪ್ಲೆಸೆಂಟ್‌ಗೆ ಅನ್, ಪ್ಲೀಸ್ಡ್‌ಗೆ ಡಿಸ್. ಸ್ಯಾಟಿಸ್‌ಫ್ಯಾಕ್ಟರಿಗೆ ಅನ್, ಸ್ಯಾಟಿಸ್‌ಫ್ಯಾಕ್ಷನ್‌ಗೆ ಡಿಸ್. ಪ್ರಶ್ನೆಯಲ್ಲಿರುವುದು ನಾಮಪದವೋ, ಗುಣವಾಚಕವೋ, ಕ್ರಿಯಾಪದವೋ ಎಂದು ನೋಡದೆ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ. ಕ್ರಿಯಾಪದವಾಗಿದ್ದರೆ ಇನ್, ಇಮ್, ಇಲ್, ಇರ್ ನಾಲ್ಕನ್ನೂ ಕಣ್ಣುಮುಚ್ಚಿ ಹೊಡೆದುಹಾಕಿ, ಕ್ರಿಯಾಪದವನ್ನು ವಿರುದ್ಧವಾಗಿಸಲು ಇನ್ ನೇರವಾಗಿ ಅಂಟುವುದೇ ಇಲ್ಲ. ಉಳಿಯುವುದು ಅನ್, ಡಿಸ್, ಡಿ.

ಕ್ರಿಯಾಪದಕ್ಕೆ ಬಂದ ಅನ್ ‘ಮಾಡದಿರು’ ಎನ್ನುವುದಿಲ್ಲ, ‘ಮಾಡಿದ್ದನ್ನು ಬಿಚ್ಚು’ ಎನ್ನುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಲಾರಿ ಅನ್‌ಲೋಡ್ ಆಗಬೇಕಾದರೆ ಮೊದಲು ಎಲ್ಲೋ ಲೋಡ್ ಆಗಿರಲೇಬೇಕು. ಅನ್‌ಲಾಕ್, ಅನ್‌ಪ್ಯಾಕ್, ಅನ್‌ಟೈ ಎಲ್ಲವೂ ಹೀಗೇ. ಡಿ ಕೂಡ ಇದೇ ಕೆಲಸ ಮಾಡುತ್ತದೆ: 2016ರ ಡಿಮಾನಿಟೈಸೇಷನ್, ಕಾಡು ಕಡಿಯುವ ಡಿಫಾರೆಸ್ಟೇಷನ್. ಡಿಸ್‌ಗೆ ಎರಡು ಮುಖ. ಬೆಸ್ಕಾಂನವರು ಬಿಲ್ ಕಟ್ಟದವರ ಲೈನ್ ಡಿಸ್‌ಕನೆಕ್ಟ್ ಮಾಡಿದಾಗ ಅದು ಬಿಚ್ಚುವ ಡಿಸ್. ಡಿಸ್ಅಗ್ರೀ, ಡಿಸ್ಒಬೇ, ಡಿಸ್‌ಲೈಕ್‌ಗಳಲ್ಲಿ ಅದು ಒಪ್ಪದಿರುವ ಡಿಸ್. ಮಿಸ್ ಅನ್ನು ಗೈಡುಗಳು ನೆಗೆಟಿವ್ ಪ್ರಿಫಿಕ್ಸ್ ಪಟ್ಟಿಗೆ ಸೇರಿಸಿರುತ್ತವೆ, ಆದರೆ ಅದರ ಅರ್ಥ ‘ತಪ್ಪಾಗಿ’. ಮಿಸ್‌ಅಂಡರ್‌ಸ್ಟ್ಯಾಂಡ್ ಮಾಡಿಕೊಂಡವನಿಗೂ ಏನೋ ಒಂದು ಅರ್ಥವಾಗಿರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಈಗ ಬರೋಣ. ಅನ್ಆರ್ಗನೈಸ್ಡ್, ಡಿಸ್ಆರ್ಗನೈಸ್ಡ್ ಎರಡೂ ಸರಿಯಾದ ಪದಗಳೇ, ಅರ್ಥ ಬೇರೆ. ಸಂಘಟನೆಯೇ ಆಗಿರದಿದ್ದರೆ ಅನ್. ಪತ್ರಿಕೆಯಲ್ಲಿ ಓದುವ ಅಸಂಘಟಿತ ವಲಯ ಅನ್ಆರ್ಗನೈಸ್ಡ್ ಸೆಕ್ಟರ್. ಹಮಾಲರು, ಕಟ್ಟಡ ಕೆಲಸದವರು, ಮನೆಗೆಲಸದವರು ಅದರಲ್ಲಿ ಬರುತ್ತಾರೆ. ಅವರ ಕೆಲಸ ಅಸ್ತವ್ಯಸ್ತ ಎಂದು ಅದರ ಅರ್ಥವಲ್ಲ. ಇರಬೇಕಾದ ವ್ಯವಸ್ಥೆ ಕೆಟ್ಟು ಹರಡಿಕೊಂಡಿದ್ದರೆ ಡಿಸ್, ಡಿಸ್ಆರ್ಗನೈಸ್ಡ್ ಆಫೀಸ್ ಎಂದಂತೆ. ಇದೇ ಜಾತಿಯ ಇನ್ನೊಂದು ಜೋಡಿ ಪರೀಕ್ಷೆ ಬರೆಯುವವರಿಗೆ ಗೊತ್ತಿರಲೇಬೇಕು. ಅನ್ಇಂಟರೆಸ್ಟೆಡ್ ಎಂದರೆ ಆಸಕ್ತಿ ಇಲ್ಲದವನು, ಡಿಸ್ಇಂಟರೆಸ್ಟೆಡ್ ಎಂದರೆ ಸ್ವಂತ ಲಾಭದ ಹಂಗಿಲ್ಲದವನು. ನ್ಯಾಯಾಧೀಶರು ಎರಡನೆಯವರಾಗಿರಬೇಕು, ಮೊದಲನೆಯವರಾದರೆ ಕಷ್ಟ. ಪ್ರಶ್ನೆಯಲ್ಲಿ ವಾಕ್ಯವಿಲ್ಲದೆ ಬರೀ ಪದ ಕೊಟ್ಟು ಇಂಥ ಎರಡನ್ನೂ ಆಯ್ಕೆಯಲ್ಲಿಟ್ಟಿದ್ದರೆ ಆ ಪ್ರಶ್ನೆಯದೇ ತಪ್ಪು.

ನಾನ್ ಇವೆಲ್ಲಕ್ಕಿಂತ ತಟಸ್ಥ. ಅದು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ, ‘ಈ ವರ್ಗಕ್ಕೆ ಸೇರಿದ್ದಲ್ಲ’ ಎಂದಷ್ಟೇ ಹೇಳುತ್ತದೆ. ನಾನ್‌ಸ್ಟಾಪ್ ಬಸ್, ನಾನ್‌ವೆಜ್, ಸೈಟ್ ಕೊಳ್ಳುವವರು ಮೊದಲು ಕೇಳುವ ‘ಎನ್ಎ ಆಗಿದೆಯಾ’ ಎಂಬ ಮಾತಿನ ನಾನ್‌ಅಗ್ರಿಕಲ್ಚರಲ್, ಇವೆಲ್ಲ ಬರೀ ವಿಂಗಡಣೆ. ಜೋಗಿಮಟ್ಟಿಯ ಗಾಳಿಯಂತ್ರಗಳು ಕೊಡುವುದು ರಿನ್ಯೂವಬಲ್ ಎನರ್ಜಿ, ಕಲ್ಲಿದ್ದಲು ಕೊಡುವುದು ನಾನ್‌ರಿನ್ಯೂವಬಲ್. ವಿಂಗಡಣೆಯ ಪದವಾದ್ದರಿಂದಲೇ ಇಲ್ಲಿ ಆರ್ ಇದ್ದರೂ ಇರ್ ಬರಲಿಲ್ಲ. 1920ರ ಅಸಹಕಾರ ಚಳವಳಿ ನಾನ್‌ಕೋಆಪರೇಷನ್, ಸರ್ಕಾರದ ಜೊತೆ ಕೈಜೋಡಿಸದೆ ದೂರ ನಿಂತದ್ದು. 1930ರದ್ದು ಸಿವಿಲ್ ಡಿಸ್ಒಬೀಡಿಯೆನ್ಸ್, ಕಾನೂನನ್ನು ಎದುರಿಗೆ ನಿಂತು ಮುರಿದದ್ದು. ಇತಿಹಾಸದ ನೋಟ್ಸ್‌ನಲ್ಲಿ ನೀವು ಓದಿರುವ ಈ ಎರಡು ಹೆಸರು ನೆನಪಿದ್ದರೆ ನಾನ್‌ಗೂ ಡಿಸ್‌ಗೂ ಇರುವ ಅಂತರ ಮರೆಯುವುದಿಲ್ಲ. ಗ್ರೀಕ್‌ನ ಎ ನಿಮ್ಮ ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ. ಇಮ್ಮಾರಲ್ ಎಂದರೆ ನೀತಿಗೆಟ್ಟ, ಎಮಾರಲ್ ಎಂದರೆ ನೀತಿ ಅನೀತಿಯ ಪರಿವೆಯೇ ಇಲ್ಲದ, ಅಷ್ಟು ತಿಳಿದಿದ್ದರೆ ಸಾಕು.

ಟ್ಯಾಂಕರ್ ವಿಷಯ. ನಿಮ್ಮ ತರ್ಕ ಸರಿ, ಮೋಸ ಮಾಡಿದ್ದು ಪದ. ಲ್ಯಾಟಿನ್‌ನಲ್ಲಿ ಇನ್ ಎರಡಿತ್ತು: ಒಂದು ‘ಅಲ್ಲ’, ಇನ್ನೊಂದು ‘ಒಳಗೆ, ಮೇಲೆ’. ಇನ್‌ಫ್ಲೇಮಬಲ್‌ನಲ್ಲಿರುವುದು ಎರಡನೆಯದು. ಉರಿಯಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಆದ್ದರಿಂದ ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡರ ಅರ್ಥವೂ ‘ಬೇಗ ಬೆಂಕಿ ಹತ್ತುವಂಥದ್ದು’. ವಿರುದ್ಧ ಪದ ನಾನ್‌ಫ್ಲೇಮಬಲ್. ನಿಮ್ಮಂತೆಯೇ ಓದಿ ಯಾರಾದರೂ ಬೀಡಿ ಹಚ್ಚಿಯಾರೆಂಬ ಭಯದಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಸುರಕ್ಷತೆಯ ಕೆಲಸದವರು ಫ್ಲೇಮಬಲ್ ಎಂದೇ ಬರೆಯಬೇಕೆಂದು ಒತ್ತಾಯಿಸತೊಡಗಿದರು. ನಮ್ಮ ಹೆದ್ದಾರಿಯ ಟ್ಯಾಂಕರ್‌ಗಳ ಮೇಲೆ ಹಳೆಯ ಪದವೂ ಉಳಿದುಕೊಂಡಿದೆ.

ಹೀಗೆ ಪ್ರಿಫಿಕ್ಸ್‌ನಂತೆ ಕಂಡು ಇಲ್ಲವೆನ್ನದ ಪದಗಳನ್ನು ಪ್ರಶ್ನೆಪತ್ರಿಕೆ ಮಾಡುವವರು ಇಷ್ಟಪಟ್ಟು ಆರಿಸುತ್ತಾರೆ. ಭದ್ರಾ ನಾಲೆಯ ಊರಿನವರಿಗೆ ಇರಿಗೇಷನ್ ಗೊತ್ತು. ಅದರ ಇರ್‌ಗೂ ಇರ್ರೆಗ್ಯುಲರ್‌ನ ಇರ್‌ಗೂ ಸಂಬಂಧವಿಲ್ಲ. ಇಂಪೀಚ್‌ಮೆಂಟ್, ಇಂಪ್ರೂವ್, ಡಿಸ್ಟ್ರಿಕ್ಟ್, ಯೂನಿಯನ್ ಎಲ್ಲವೂ ಹಾಗೆಯೇ. ಇನ್‌ಫ್ಲೇಷನ್‌ಗೆ ವಿರುದ್ಧ ಡಿಫ್ಲೇಷನ್, ಇನ್‌ಕ್ಲೂಡ್‌ಗೆ ಎಕ್ಸ್‌ಕ್ಲೂಡ್, ಇಂಪೋರ್ಟ್‌ಗೆ ಎಕ್ಸ್‌ಪೋರ್ಟ್, ಎನ್‌ಕರೇಜ್‌ಗೆ ಡಿಸ್‌ಕರೇಜ್. ಇಲ್ಲಿ ಪ್ರಿಫಿಕ್ಸ್ ಸೇರುವುದಿಲ್ಲ, ಇರುವುದೇ ಬದಲಾಗುತ್ತದೆ. ಇನ್‌ವ್ಯಾಲ್ಯೂಯಬಲ್ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ, ಬೆಲೆಯಿಲ್ಲದ್ದಲ್ಲ. ಇನ್‌ಫಮಸ್ ಎಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು. ಇನ್‌ಹ್ಯಾಬಿಟಬಲ್ ಎಂದರೆ ವಾಸಕ್ಕೆ ಯೋಗ್ಯ, ವಾಸಕ್ಕೆ ಆಗದ್ದು ಅನ್ಇನ್‌ಹ್ಯಾಬಿಟಬಲ್. ಪ್ರಿಫಿಕ್ಸ್ ಎಂದು ತೋರಿದ್ದನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದು ಪದವೇ, ಅದರ ಉಲ್ಟಾ ಅರ್ಥ ಇಲ್ಲಿ ಕೂರುತ್ತದೆಯೇ ಎಂದು ನೋಡಿ.

ಇನ್ನು ಓದುವ ದಾರಿ. ಐನೂರು ಪದದ ಪಟ್ಟಿ ಉರು ಹೊಡೆದರೆ ಆ ಐನೂರರಲ್ಲಿ ಬಂದದ್ದಕ್ಕೆ ಉತ್ತರ ಸಿಗುತ್ತದೆ, ಆದರೆ ಅದೇ ಮೂಲಪದ ಬಾಲ ಬದಲಿಸಿ ಬಂದರೆ ಪಟ್ಟಿಯೇ ನಿಮ್ಮನ್ನು ತಪ್ಪಿಗೆ ತಳ್ಳುತ್ತದೆ, ಎಬಿಲಿಟಿಯಲ್ಲಿ ಆಗುವ ಹಾಗೆ. ಬರೀ ಸೂತ್ರ ಹಿಡಿದರೆ ಅಪವಾದಗಳು ಕೈ ಕೊಡುತ್ತವೆ. ಇಂಗ್ಲಿಷ್ ಪತ್ರಿಕೆ ಓದಿ ಓದಿ ಕಿವಿ ಪಳಗಿಸುವುದು ಎಲ್ಲಕ್ಕಿಂತ ಗಟ್ಟಿ, ಪರೀಕ್ಷೆ ಎರಡು ತಿಂಗಳಿದ್ದಾಗ ಅದೊಂದನ್ನೇ ನೆಚ್ಚಲಾಗದು. ನನ್ನ ಸಲಹೆ, ಚಿಕ್ಕ ಪಟ್ಟಿಗಳನ್ನು ಬಾಯಿಪಾಠ ಮಾಡಿ, ದೊಡ್ಡವನ್ನು ಬಾಲದಿಂದ ಊಹಿಸಿ. ಇಲ್ ಪಟ್ಟಿಯಲ್ಲಿ ಪರೀಕ್ಷೆಗೆ ಬೇಕಾದವು ಏಳೇ: ಇಲ್ಲೀಗಲ್, ಇಲ್ಲಾಜಿಕಲ್, ಇಲ್ಲಿಟರೇಟ್, ಇಲ್ಲೆಜಿಬಲ್, ಇಲ್ಲೆಜಿಟಿಮೇಟ್, ಇಲ್ಲಿಬರಲ್, ಇಲ್ಲಿಸಿಟ್. ಇದರ ಹೊರಗಿನ ಎಲ್ ಪದಕ್ಕೆ ಅನ್ ಅಥವಾ ಡಿಸ್. ಪರೀಕ್ಷೆಯ ಮಟ್ಟಿಗೆ ಇರ್ ಪಟ್ಟಿ ಹದಿನೈದರ ಒಳಗೆ ಮುಗಿಯುತ್ತದೆ: ರೆಗ್ಯುಲರ್, ರೆಲೆವೆಂಟ್, ರೆಸ್ಪಾನ್ಸಿಬಲ್, ರ್‍ಯಾಷನಲ್, ರೆಸಿಸ್ಟಿಬಲ್, ರಿವರ್ಸಿಬಲ್, ರೆಪರಬಲ್, ರಿಪ್ಲೇಸಬಲ್, ರಿಲಿಜಿಯಸ್, ರೆವೊಕಬಲ್, ರೆಕನ್ಸೈಲಬಲ್, ರಿಕವರಬಲ್. ರಿಲಾಯಬಲ್, ರೀಸನಬಲ್ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಕೆಂಪು ಪೆನ್ನಲ್ಲಿ ಬರೆಯಿರಿ, ಹೆಚ್ಚು ಜನ ಬೀಳುವುದು ಅಲ್ಲೇ. ಇಮ್‌ಗೆ ಇಪ್ಪತ್ತೈದು ಪದ ಸಾಕು: ಪಾಸಿಬಲ್, ಪರ್ಫೆಕ್ಟ್, ಪೊಲೈಟ್, ಪ್ಯೂರ್, ಪ್ರಾಪರ್, ಪ್ರಾಕ್ಟಿಕಲ್, ಪಾರ್ಷಿಯಲ್, ಮಾರಲ್, ಮೆಚ್ಯೂರ್, ಮೊಬೈಲ್ ಇತ್ಯಾದಿ.

ನೋಟ್‌ಬುಕ್‌ನಲ್ಲಿ ದಿನಕ್ಕೆ ಹತ್ತು ಮೂಲಪದ ತೆಗೆದುಕೊಳ್ಳಿ. ಒಂದೊಂದಕ್ಕೂ ಒಂದು ಸಾಲು, ಸಾಲಿನಲ್ಲಿ ಮೂರು ಮನೆ: ಗುಣವಾಚಕ, ನಾಮಪದ, ಕ್ರಿಯಾಪದ. ಏಬಲ್ ಸಾಲಿನಲ್ಲಿ ಅನ್ಏಬಲ್, ಇನ್ಎಬಿಲಿಟಿ, ಡಿಸ್ಏಬಲ್ ಕೂರುತ್ತವೆ. ಖಾಲಿ ಮನೆ ಉಳಿದರೆ ಖಾಲಿಯೇ ಬಿಡಿ, ಇಲ್ಲದ ಪದ ಹುಟ್ಟಿಸಬೇಡಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಪದದ ಕೆಳಗೆ ಅದರ ವಿರುದ್ಧ ಪದವನ್ನೂ ಕೊಟ್ಟಿರುತ್ತಾರೆ, ಅದರಲ್ಲಿ ತಾಳೆ ನೋಡಿ. ಮೊಬೈಲ್‌ನ ಕೆಂಪು ಗೆರೆಯನ್ನು ನೆಚ್ಚಬೇಡಿ, ಅನ್ಇಂಟರೆಸ್ಟೆಡ್ ಜಾಗದಲ್ಲಿ ಡಿಸ್ಇಂಟರೆಸ್ಟೆಡ್ ಬರೆದರೆ ಅದು ಸುಮ್ಮನಿರುತ್ತದೆ.

ಕಾಗುಣಿತಕ್ಕೆ ಒಂದೇ ನಿಯಮ. ಪ್ರಿಫಿಕ್ಸ್ ಪೂರ್ತಿ ಬರೆಯಿರಿ, ಪದ ಪೂರ್ತಿ ಬರೆಯಿರಿ, ಎರಡರಲ್ಲೂ ಒಂದಕ್ಷರ ಕದಿಯಬೇಡಿ. ಅನ್‌ಗೆ ನೆಸೆಸರಿ ಸೇರಿದರೆ ಎರಡು ಎನ್. ಇಮ್‌ಗೆ ಮೆಚ್ಯೂರ್ ಸೇರಿದರೆ ಎರಡು ಎಂ. ಡಿಸ್‌ಗೆ ಸ್ಯಾಟಿಸ್‌ಫೈಡ್, ಮಿಸ್‌ಗೆ ಸ್ಪೆಲ್ ಸೇರಿದರೆ ಎರಡು ಎಸ್. ಡಿಸ್ಅಪಿಯರ್‌ನಲ್ಲಿ ಎಸ್ ಒಂದೇ, ಪಿ ಎರಡು, ಅಪಿಯರ್‌ನಲ್ಲೇ ಎರಡು ಪಿ ಇರುವುದರಿಂದ.

ಪರೀಕ್ಷಾ ಕೊಠಡಿಯಲ್ಲಿ ಗೊತ್ತಿಲ್ಲದ ಪದ ಬಂದರೆ ಬಿಡಬೇಕೋ ಊಹಿಸಬೇಕೋ? ಒಂದು ಅಂಕ, ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಅಂಕ ಎಂದಿಟ್ಟುಕೊಳ್ಳಿ. ಅಂಥ 16 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. 4ರಲ್ಲಿ 3 ಕಳೆದು ಉಳಿಯುವುದು 1 ಅಂಕ. ಬಾಲ ನೋಡಿ ಎರಡು ಆಯ್ಕೆ ಹೊಡೆದುಹಾಕಿ ಉಳಿದೆರಡರಲ್ಲಿ ಊಹಿಸಿದರೆ 8 ಸರಿ, 8 ತಪ್ಪು. 8ರಲ್ಲಿ 2 ಹೋಗಿ 6 ಅಂಕ. ಒಂದೂ ಆಯ್ಕೆಯನ್ನು ಹೊಡೆಯಲಾಗದಿದ್ದರೆ ಲಾಭ ಅಷ್ಟಕ್ಕಷ್ಟೇ, ಬಿಟ್ಟು ಮುಂದೆ ಹೋಗಿ, ಎರಡು ಹೊಡೆದರೆ ಬಿಡಬೇಡಿ.

ತಾತ್ಕಾಲಿಕ ಕೀ ಉತ್ತರ ಬಂದಾಗ ಈ ಭಾಗವನ್ನು ಸಾಲು ಸಾಲಾಗಿ ನೋಡಿ. ಎರಡು ಸರಿ ಉತ್ತರ ಇರುವ ಪ್ರಶ್ನೆಗಳು ಇಲ್ಲೇ ನುಸುಳುವುದು ಜಾಸ್ತಿ. ಆಕ್ಷೇಪಣೆಗೆ ಕೊಟ್ಟ ದಿನಾಂಕದೊಳಗೆ, ಎರಡೂ ಪದಗಳು ಮುಖ್ಯ ನಮೂದಾಗಿ ಅಚ್ಚಾಗಿರುವ ಪ್ರಮಾಣಿತ ನಿಘಂಟಿನ ಪುಟದ ಪ್ರತಿ ಲಗತ್ತಿಸಿ ಅರ್ಜಿ ಹಾಕಿ. ಗೈಡಿನ ಪುಟ, ಕೋಚಿಂಗ್ ನೋಟ್ಸ್ ಲಗತ್ತಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.